ಕಡಕೊಳದ ಬಿಳಿಗಲ್ಲು ಹೇಳುವ ಕಥೆ: ಭೂಮಿಯ ತಾಪ ಕಾಯುವ ಇಂಗಾಲದ ಚಕ್ರ

ಮೈಸೂರಿನಿಂದ ನಂಜನಗೂಡಿಗೆ ಸಾಗುವ ಹೆದ್ದಾರಿಯಲ್ಲಿ ಸಿಗುವ ಕಡಕೊಳ ಹಾಗೂ ಅದರ ಆಸುಪಾಸಿನ ದೊಡ್ಡಕನ್ಯ ಗ್ರಾಮಗಳ ಹೆಸರು ಭೂವಿಜ್ಞಾನದ ಗ್ರಂಥಗಳಲ್ಲಿ ಬಹುಕಾಲದಿಂದ ಕಾಣಿಸಿಕೊಂಡಿದೆ. ಅಲ್ಲಿನ ನೆಲದಡಿಯ ಹಸಿರುಗಪ್ಪು ಶಿಲೆಯ ಬಿರುಕುಗಳಲ್ಲಿ ಸೀಮೆಸುಣ್ಣದಂತೆ ಬೆಳ್ಳಗೆ ಹರಡಿಕೊಂಡಿರುವ ಮ್ಯಾಗ್ನಸೈಟ್ ಎಂಬ ಖನಿಜವೇ ಅದಕ್ಕೆ ಕಾರಣ. ಉಕ್ಕಿನ ಕುಲುಮೆಗಳ ಒಳಗೋಡೆಗೆ ಬೇಕಾದ, ಕಡು ಉರಿಯನ್ನು ತಾಳಬಲ್ಲ ಇಟ್ಟಿಗೆಗಳ ತಯಾರಿಕೆಗೆ ಈ ಖನಿಜ ಬಳಕೆಯಾಗುತ್ತದೆ.

ಆದರೆ ಈ ಬಿಳಿಗಲ್ಲಿನ ಮಹತ್ವ ಇಟ್ಟಿಗೆಗಷ್ಟೇ ಸೀಮಿತವಲ್ಲ. ಮ್ಯಾಗ್ನಸೈಟ್ ಎಂದರೆ ಮ್ಯಾಗ್ನೀಸಿಯಂ ಕಾರ್ಬೊನೇಟ್. ಇಂಗಾಲದ ಡೈಆಕ್ಸೈಡ್ ಬೆರೆತ ನೀರು ಮ್ಯಾಗ್ನೀಸಿಯಂ ಹೇರಳವಾಗಿರುವ ಶಿಲೆಯೊಳಗೆ ಇಳಿದು, ಆ ಶಿಲೆಯೊಡನೆ ವರ್ತಿಸಿದಾಗ ಹುಟ್ಟುವ ವಸ್ತು ಇದು. ಶುದ್ಧ ಮ್ಯಾಗ್ನಸೈಟಿನ ಒಂದು ಕಿಲೋ ತೂಕದ ತುಂಡಿನಲ್ಲಿ ಸುಮಾರು 520 ಗ್ರಾಂ ಇಂಗಾಲದ ಡೈಆಕ್ಸೈಡ್ ಅಡಗಿದೆ. ಅಂದರೆ ಕಲ್ಲಿನ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಒಂದು ಕಾಲದಲ್ಲಿ ಅನಿಲವಾಗಿತ್ತು. ಇಂದು ಜಗತ್ತಿನ ತಾಪಮಾನ ಏರಿಕೆಗೆ ಮುಖ್ಯ ಕಾರಣವೆಂದು ಗುರುತಿಸಲಾಗಿರುವ ಅದೇ ಅನಿಲ ಇಲ್ಲಿ ಯಾರಿಗೂ ತೊಂದರೆ ಕೊಡದೆ ಕಲ್ಲಾಗಿ ಕುಳಿತಿದೆ.

ಅನಿಲ ಕಲ್ಲಾಗುವುದು, ಕಲ್ಲು ಮತ್ತೆ ಅನಿಲವಾಗುವುದು: ಭೂಮಿಯ ದೀರ್ಘಕಾಲದ ಹವಾಮಾನವನ್ನು ನಿರ್ಧರಿಸಿರುವುದು ಈ ಎರಡು ಕ್ರಿಯೆಗಳ ನಡುವಣ ಸಮತೋಲ. ಆ ಸಮತೋಲವನ್ನು ನಡೆಸುವ ಶಕ್ತಿ ಭೂಫಲಕಗಳ ಚಲನೆಯಲ್ಲಿದೆ.

ಸುಣ್ಣದ ಗೂಡಿನ ಪಾಠ

ಈ ಸಂಗತಿಯನ್ನು ಅರಿಯಲು ಪ್ರಯೋಗಶಾಲೆಯೇ ಬೇಕೆಂದಿಲ್ಲ. ಎಲೆ ಅಡಿಕೆಯೊಡನೆ ಹಚ್ಚಿಕೊಳ್ಳುವ ಸುಣ್ಣವೇ ಸಾಕು. ಸುಣ್ಣದ ಕಲ್ಲು ಅಥವಾ ಕಪ್ಪೆಚಿಪ್ಪನ್ನು ಗೂಡಿನಲ್ಲಿಟ್ಟು ಸುಟ್ಟಾಗ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಮರಳಿನೊಡನೆ ಅರೆದು ಗೋಡೆಗೆ ಗಾರೆಯಾಗಿ ಬಳಿದರೆ, ಅದು ವರ್ಷಗಳ ಕಾಲ ಗಾಳಿಯಿಂದ ಅದೇ ಅನಿಲವನ್ನು ಹೀರುತ್ತಾ ಮತ್ತೆ ಸುಣ್ಣದ ಕಲ್ಲಾಗಿ ಗಟ್ಟಿಯಾಗುತ್ತದೆ. ಹಳೆಯ ಕಾಲದ ಕಟ್ಟಡಗಳ ಗಾರೆ ವರ್ಷಗಳು ಉರುಳಿದಂತೆ ಬಲಗೊಳ್ಳುವುದರ ಗುಟ್ಟು ಇದೇ.

ಬೆಂಕಿ ಇಂಗಾಲವನ್ನು ಬಿಡಿಸುತ್ತದೆ. ನೀರು ಮತ್ತು ಗಾಳಿ ಅದನ್ನು ಮರಳಿ ಕಟ್ಟುತ್ತವೆ. ಭೂಮಿಯ ಮಟ್ಟದಲ್ಲಿಯೂ ನಡೆಯುವುದು ಇದೇ ಕ್ರಿಯೆ. ಅಲ್ಲಿ ಗೂಡಿನ ಕೆಲಸವನ್ನು ಭೂಮಿಯ ಒಡಲಿನ ಶಾಖ ಮಾಡುತ್ತದೆ, ಗಾರೆಯ ಕೆಲಸವನ್ನು ಬೆಟ್ಟಗುಡ್ಡಗಳ ಶಿಲೆ ಮಾಡುತ್ತದೆ. ಆದರೆ ಸುಣ್ಣದ ಗೂಡಿನಲ್ಲಿ ಕೆಲವು ಗಂಟೆಗಳಲ್ಲಿ ಮುಗಿಯುವ ಕೆಲಸಕ್ಕೆ ಭೂಮಿ ಕೋಟ್ಯಂತರ ವರ್ಷಗಳನ್ನು ತೆಗೆದುಕೊಳ್ಳುತ್ತದೆ.

ಮೂಲೆಹೊಳೆಯಲ್ಲಿ ಮಳೆಯ ಲೆಕ್ಕ

ಮಳೆಯ ಹನಿ ಬೀಳುವಾಗಲೇ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಅಷ್ಟಿಷ್ಟು ಕರಗಿಸಿಕೊಂಡು ಅತಿ ಸೌಮ್ಯವಾದ ಕಾರ್ಬಾನಿಕ್ ಆಮ್ಲವಾಗುತ್ತದೆ. ನೆಲಕ್ಕಿಳಿದ ಮೇಲೆ ಅದರ ಆಮ್ಲೀಯತೆ ಇನ್ನಷ್ಟು ಹೆಚ್ಚುತ್ತದೆ. ಬೇರುಗಳು ಮತ್ತು ಸೂಕ್ಷ್ಮಜೀವಿಗಳು ಉಸಿರಾಡುವುದರಿಂದ ಮಣ್ಣಿನೊಳಗಿನ ಗಾಳಿಯಲ್ಲಿ ಈ ಅನಿಲ ಹೊರಗಿನ ಗಾಳಿಗಿಂತ ಹಲವು ಪಟ್ಟು ಅಧಿಕವಾಗಿರುತ್ತದೆ. ಈ ಆಮ್ಲೀಯ ನೀರು ಶಿಲೆಯನ್ನು ನಿಧಾನವಾಗಿ ಕರಗಿಸುತ್ತದೆ. ಶಿಲೆಯ ಒಂದು ಭಾಗ ಜೇಡಿಮಣ್ಣಾಗಿ ಉಳಿಯುತ್ತದೆ. ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಮುಂತಾದವು ಬೈಕಾರ್ಬೊನೇಟ್ ರೂಪದ ಇಂಗಾಲದೊಡನೆ ಹಳ್ಳ ಹೊಳೆಗಳನ್ನು ಸೇರುತ್ತವೆ. ಇದನ್ನೇ ಶಿಲೆಗಳ ಶಿಥಿಲೀಕರಣವೆಂದು ಕರೆಯುವುದು.

ಈ ಕ್ರಿಯೆಯನ್ನು ಅಳೆಯುವ ಕೆಲಸ ಮೈಸೂರಿಗೆ ಹತ್ತಿರದಲ್ಲಿಯೇ ನಡೆದಿದೆ. ಬಂಡೀಪುರ ಅರಣ್ಯದಲ್ಲಿ, ಕೇರಳದ ಗಡಿಗೆ ಸಮೀಪವಿರುವ ಮೂಲೆಹೊಳೆಯ ಸುಮಾರು 4 ಚದರ ಕಿಲೋಮೀಟರಿನ ಪುಟ್ಟ ಜಲಾನಯನ ಪ್ರದೇಶವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಫ್ರಾನ್ಸಿನ ವಿಜ್ಞಾನಿಗಳು ಜಂಟಿಯಾಗಿ 2003ರಿಂದ ಅಧ್ಯಯನಕ್ಕೆ ಒಳಪಡಿಸಿದರು. ವರ್ಷಕ್ಕೆ ಸರಾಸರಿ 1,100 ಮಿಲಿಮೀಟರ್ ಮಳೆ ಕಾಣುವ ಈ ಕಾಡಿನಲ್ಲಿ ಬಿದ್ದ ಮಳೆ, ಹರಿದ ನೀರು, ಅಂತರ್ಜಲ ಮತ್ತು ಅವುಗಳಲ್ಲಿ ಕರಗಿದ ಲವಣಗಳನ್ನು ಅಳೆಯಲಾಯಿತು. ಮೇಲಿನ ಸುಮಾರು 2 ಮೀಟರ್ ಮಣ್ಣಿನ ಅಡಿಯಲ್ಲಿ ಸರಾಸರಿ 15 ಮೀಟರ್ ಆಳದವರೆಗೆ ಶಿಲೆ ಕೊಳೆತು ಮೆತ್ತಗಾಗಿರುವುದು ಕಂಡುಬಂತು. 300 ಕೋಟಿ ವರ್ಷಗಳಷ್ಟು ಹಳೆಯದಾದ ಪಟ್ಟೆಪಟ್ಟೆಯ ನೈಸ್ ಶಿಲೆಯೂ ಮಳೆಯ ಮುಂದೆ ಮಣಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಮಳೆಯ ನೆರಳಿನ ಈ ಸೀಮೆಯಲ್ಲಿ ಇನ್ನೊಂದು ವಿಶೇಷವೂ ಇದೆ. ಕರಗಿದ ಕ್ಯಾಲ್ಸಿಯಂ ಪೂರ್ತಿಯಾಗಿ ಹೊಳೆ ಸೇರುವುದಿಲ್ಲ. ಒಣ ತಿಂಗಳುಗಳಲ್ಲಿ ನೀರು ಆವಿಯಾದಾಗ ಅದರ ಒಂದಂಶ ಮಣ್ಣಿನೊಳಗೇ ಸುಣ್ಣದ ಗಂಟುಗಳಾಗಿ ಕಟ್ಟಿಕೊಳ್ಳುತ್ತದೆ. ಗುಂಡ್ಲುಪೇಟೆ, ಚಾಮರಾಜನಗರದ ಕಡೆಯ ಹೊಲಗಳಲ್ಲಿ ನೇಗಿಲಿಗೆ ಸಿಗುವ ಬೆಳ್ಳನೆಯ ಗಂಟುಕಲ್ಲುಗಳು ಇಂಥ ಸುಣ್ಣದ ಸಂಚಯಗಳು.

ಕಾವೇರಿಯಿಂದ ಅಂಡಮಾನಿನವರೆಗೆ

ಕಪಿಲೆ, ಕಾವೇರಿಗಳ ಮೂಲಕ ಸಾಗಿದ ಬೈಕಾರ್ಬೊನೇಟ್ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಕಡಲಿನ ಸೂಕ್ಷ್ಮಜೀವಿಗಳು, ಚಿಪ್ಪಿನ ಪ್ರಾಣಿಗಳು, ಹವಳಗಳು ಅದನ್ನು ಕ್ಯಾಲ್ಸಿಯಂ ಜೊತೆಗೆ ಬಳಸಿಕೊಂಡು ಕವಚ ಕಟ್ಟಿಕೊಳ್ಳುತ್ತವೆ. ಹಾಗೆ ಕಟ್ಟಿಕೊಳ್ಳುವಾಗ ಅರ್ಧದಷ್ಟು ಇಂಗಾಲ ಮತ್ತೆ ಅನಿಲವಾಗಿ ಬಿಡುಗಡೆಯಾಗುತ್ತದೆ. ಉಳಿದರ್ಧ ಚಿಪ್ಪಿನಲ್ಲಿ ಉಳಿದು, ಜೀವಿ ಸತ್ತ ಬಳಿಕ ತಳಕ್ಕಿಳಿದು ಸುಣ್ಣದ ಪದರವಾಗುತ್ತದೆ. ಜೀವಿಗಳ ಅವಶೇಷಗಳಲ್ಲಿನ ಸಾವಯವ ಇಂಗಾಲವೂ ಕೆಸರಿನಡಿ ಹೂತುಹೋಗುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಗಾಳಿಯಲ್ಲಿನ ಇಂಗಾಲ ಕಾಲಕ್ರಮದಲ್ಲಿ ಬರಿದಾಗಿ ಭೂಮಿ ಹಿಮದ ಗೋಲವಾಗಬೇಕಿತ್ತು. ಹಾಗಾಗದಂತೆ ನೋಡಿಕೊಳ್ಳುವುದು ಭೂಫಲಕಗಳು. ಭೂಮಿಯ ಹೊರಪದರ ಹಲವು ಬೃಹತ್ ಫಲಕಗಳಾಗಿ ಒಡೆದಿದ್ದು, ಅವು ವರ್ಷಕ್ಕೆ ಕೆಲವು ಸೆಂಟಿಮೀಟರುಗಳಷ್ಟು ಸರಿಯುತ್ತಿರುತ್ತವೆ. ಕೆಲವೆಡೆ ಸಾಗರತಳದ ಫಲಕ ಇನ್ನೊಂದು ಫಲಕದ ಅಡಿಗೆ ನುಸುಳಿ ಭೂಗರ್ಭಕ್ಕೆ ಇಳಿಯುತ್ತದೆ. ಅದರ ಬೆನ್ನ ಮೇಲಿನ ಸುಣ್ಣ, ಕೆಸರು ಕೂಡ ಜೊತೆಯಲ್ಲಿಯೇ ಇಳಿಯುತ್ತವೆ. ಆಳದ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿದ ಸುಣ್ಣ ಗೂಡಿನಲ್ಲಿಟ್ಟಂತೆ ಬೇಯುತ್ತದೆ. ಬಿಡುಗಡೆಯಾದ ಇಂಗಾಲದ ಡೈಆಕ್ಸೈಡ್ ಜ್ವಾಲಾಮುಖಿಗಳ ಮೂಲಕ ವಾತಾವರಣಕ್ಕೆ ಮರಳುತ್ತದೆ.

ಇದಕ್ಕೆ ನಿದರ್ಶನ ಭಾರತದ ಭೂಪ್ರದೇಶದಲ್ಲಿಯೇ ಇದೆ. ಬಂಗಾಳ ಕೊಲ್ಲಿಯ ಪೂರ್ವದ ಅಂಚಿನಲ್ಲಿ ಭಾರತದ ಫಲಕ ಅಂಡಮಾನ್ ದ್ವೀಪಸಾಲಿನ ಅಡಿಗೆ ನುಸುಳುತ್ತಿದೆ. ಅದರ ಫಲವಾಗಿ ಹುಟ್ಟಿದ ಬ್ಯಾರನ್ ದ್ವೀಪ ದೇಶದ ಏಕೈಕ ಸಕ್ರಿಯ ಜ್ವಾಲಾಮುಖಿಯಾಗಿದ್ದು, ಶತಮಾನಕ್ಕೂ ಮೀರಿದ ಮೌನದ ಬಳಿಕ 1991ರಲ್ಲಿ ಸಿಡಿದು, ಅಲ್ಲಿಂದೀಚೆಗೆ ಆಗಾಗ ಹೊಗೆ ಲಾವಾಗಳನ್ನು ಉಗುಳುತ್ತಿದೆ. ಕಾವೇರಿ ಒಯ್ದ ಇಂಗಾಲವೇ ಅಲ್ಲಿ ಹೊಗೆಯಾಗಿ ಏಳುತ್ತಿದೆ ಎಂದು ಇದರ ಅರ್ಥವಲ್ಲ. ಒಂದು ಖಂಡದ ಮಳೆ ಕಡಲಿಗೆ ಸೇರಿಸಿದ ಇಂಗಾಲ ಮತ್ತೆ ಗಾಳಿಗೆ ಮರಳಬೇಕಾದರೆ ಕ್ರಮಿಸಬೇಕಾದ ಹಾದಿ ಯಾವುದು ಎಂಬುದನ್ನು ಈ ದ್ವೀಪ ತೋರಿಸುತ್ತದೆ.

ತಾನಾಗಿ ನಡೆಯುವ ಹತೋಟಿ

ಜ್ವಾಲಾಮುಖಿಗಳು ಇಂಗಾಲವನ್ನು ಹೊರಹಾಕುತ್ತವೆ, ಶಿಲೆಗಳು ಹೀರುತ್ತವೆ ಎಂಬ ವಿಚಾರವನ್ನು ಫ್ರಾನ್ಸಿನ ಎಬೆಲ್ಮೆನ್ 1845ರಲ್ಲಿಯೇ ಸೂಚಿಸಿದ್ದರು. ಅಮೆರಿಕದ ಹೆರಾಲ್ಡ್ ಯೂರಿ 1952ರಲ್ಲಿ ಅದಕ್ಕೆ ಸ್ಪಷ್ಟವಾದ ರಾಸಾಯನಿಕ ರೂಪ ಕೊಟ್ಟರು. ಆದರೆ ಕೊಡು ಕೊಳ್ಳುವಿಕೆಗಳು ಕೋಟ್ಯಂತರ ವರ್ಷ ಸರಿದೂಗಿಕೊಂಡು ಬಂದದ್ದು ಹೇಗೆ ಎಂಬ ಪ್ರಶ್ನೆ ಉಳಿದಿತ್ತು. 1981ರಲ್ಲಿ ವಾಕರ್, ಹೇಸ್ ಮತ್ತು ಕಾಸ್ಟಿಂಗ್ ಎಂಬ ಮೂವರು ವಿಜ್ಞಾನಿಗಳು ಇದಕ್ಕೆ ಉತ್ತರ ನೀಡಿದರು. ಭೂಮಿ ಬಿಸಿಯಾದರೆ ಆವಿ, ಮಳೆ ಹೆಚ್ಚುತ್ತವೆ. ಶಾಖದಲ್ಲಿ ರಾಸಾಯನಿಕ ಕ್ರಿಯೆಗಳೂ ಚುರುಕಾಗುತ್ತವೆ. ಶಿಲೆಗಳು ಬೇಗ ಕರಗಿ ಹೆಚ್ಚು ಇಂಗಾಲವನ್ನು ಸೆಳೆಯುತ್ತವೆ, ಭೂಮಿ ತಂಪಾಗುತ್ತದೆ. ತಂಪು ಅತಿಯಾದರೆ ಈ ಕ್ರಿಯೆ ಮಂದವಾಗಿ, ಜ್ವಾಲಾಮುಖಿಗಳ ಅನಿಲ ಗಾಳಿಯಲ್ಲಿ ಸಂಗ್ರಹವಾಗಿ ಮತ್ತೆ ಬಿಸಿಯೇರುತ್ತದೆ. ಇಸ್ತ್ರಿಪೆಟ್ಟಿಗೆಯ ಶಾಖವನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಇದ್ದಂತೆ ಈ ವ್ಯವಸ್ಥೆ.

ಇದಕ್ಕೆ ಪುಷ್ಟಿ ನೀಡುವ ಕುರುಹುಗಳು ಮೈಸೂರು ಸೀಮೆಯ ಶಿಲೆಗಳಲ್ಲಿವೆ. ಸರಗೂರಿನ ಹೆಸರನ್ನೇ ಹೊತ್ತಿರುವ ಸರಗೂರು ಶಿಲಾಸಮೂಹ 300 ಕೋಟಿ ವರ್ಷಗಳಿಗೂ ಹಳೆಯದು. ಕಡಕೊಳದ ಹಸಿರುಗಪ್ಪು ಶಿಲೆಗಳನ್ನೂ ಈ ಸಮೂಹಕ್ಕೆ ಸೇರಿಸಲಾಗಿದೆ. ಅದರಲ್ಲಿ ಮರಳಿನ ಪದರಗಳಿಂದ ಆದ ಕ್ವಾರ್ಟ್ಜೈಟ್ ಇದೆ, ಸುಣ್ಣದ ಸಂಚಯದಿಂದ ಆದ ಅಮೃತಶಿಲೆ ಇದೆ. ಇವೆರಡೂ ಉಂಟಾಗಬೇಕಾದರೆ ಹರಿಯುವ ನೀರು ಬೇಕು. ಆದರೆ ಆ ಕಾಲದ ಸೂರ್ಯನ ಪ್ರಖರತೆ ಇಂದಿಗಿಂತ ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆಯಿತ್ತು. ಇಂದಿನ ವಾತಾವರಣವೇ ಅಂದೂ ಇದ್ದಿದ್ದರೆ ಕಡಲೆಲ್ಲ ಹೆಪ್ಪುಗಟ್ಟಬೇಕಿತ್ತು. ಕಡಲು ಕಡಲಾಗಿಯೇ ಉಳಿಯಿತೆಂದರೆ ಶಾಖವನ್ನು ಹಿಡಿದಿಡುವ ಅನಿಲಗಳು ಆಗ ಬಹಳ ಹೆಚ್ಚಿದ್ದವು ಎಂಬುದೇ ವಿಜ್ಞಾನಿಗಳ ವಿವರಣೆ.

ಚಾಮುಂಡಿ ಬೆಟ್ಟದ ಗ್ರಾನೈಟ್ ಈ ಶಿಲೆಗಳಿಗೆ ಹೋಲಿಸಿದರೆ ಕಿರಿಯದು. ಅದರ ವಯಸ್ಸು ಸುಮಾರು 80 ಕೋಟಿ ವರ್ಷ. ಅದು ರೂಪುಗೊಂಡ ನಂತರ, ಸುಮಾರು 72ರಿಂದ 63 ಕೋಟಿ ವರ್ಷಗಳ ಹಿಂದಿನ ಅವಧಿಯಲ್ಲಿ ಭೂಮಿ ಎರಡು ಬಾರಿ ಬಹುತೇಕ ಪೂರ್ತಿಯಾಗಿ ಹಿಮದಿಂದ ಮುಚ್ಚಿಹೋಗಿತ್ತು. ಹಿಮದ ಹೊದಿಕೆಯಡಿ ಶಿಲೆಗಳಿಗೆ ಮಳೆ ತಾಗಲಿಲ್ಲ. ಆದರೆ ಫಲಕಗಳ ಚಲನೆ ನಿಲ್ಲಲಿಲ್ಲ, ಜ್ವಾಲಾಮುಖಿಗಳು ಉಸಿರಾಡುತ್ತಲೇ ಇದ್ದವು. ಲಕ್ಷಾಂತರ ವರ್ಷಗಳ ಕಾಲ ಸಂಗ್ರಹವಾದ ಅನಿಲದ ಶಾಖಕ್ಕೆ ಕೊನೆಗೆ ಹಿಮ ಕರಗಿತು. ಆ ಯುಗದ ಹಿಮಗಲ್ಲುಗಳ ರಾಶಿಯ ಮೇಲೆಯೇ ಸುಣ್ಣದ ಕಲ್ಲಿನ ದಪ್ಪ ಪದರಗಳು ಜಗತ್ತಿನ ಹಲವೆಡೆ ಕಾಣಸಿಗುತ್ತವೆ. ಸಂಗ್ರಹವಾಗಿದ್ದ ಅನಿಲ ಮತ್ತೆ ಕಲ್ಲಾದುದರ ಗುರುತು ಅದು.

ಭಾರತದ ಪಯಣ, ಜಗತ್ತಿನ ತಂಪು

ಈ ಚಕ್ರದಲ್ಲಿ ಭಾರತದ ಪಾತ್ರ ಸಾಮಾನ್ಯವಾದುದಲ್ಲ. ದಕ್ಷಿಣದ ಮಹಾಖಂಡವಾದ ಗೊಂಡ್ವಾನಾದಿಂದ ಬೇರ್ಪಟ್ಟ ಭಾರತ ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರಿನಿಂದಲೂ ದೂರವಾಯಿತು. ಉಡುಪಿಯ ಮಲ್ಪೆ ಬಳಿಯ ಸೇಂಟ್ ಮೇರಿಸ್ ದ್ವೀಪದ ಕಂಬದಾಕಾರದ ಶಿಲೆಗಳು ಆ ಅಗಲಿಕೆಯ ಕಾಲದ ಲಾವಾ. 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಉಕ್ಕಿದ ಲಾವಾದ ಹೊದಿಕೆ ಸವೆತದ ನಂತರವೂ ಸುಮಾರು 5 ಲಕ್ಷ ಚದರ ಕಿಲೋಮೀಟರಿನಷ್ಟು ಉಳಿದಿದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳ ಕಪ್ಪುಕಲ್ಲು ಮತ್ತು ಎರೆಮಣ್ಣು ಅದರ ಕೊಡುಗೆ. ಆ ಉಕ್ಕು ಅಪಾರ ಪ್ರಮಾಣದ ಇಂಗಾಲವನ್ನು ಗಾಳಿಗೆ ಸೇರಿಸಿತು. ಆದರೆ ಬಸಾಲ್ಟ್ ಶಿಲೆ ಗ್ರಾನೈಟಿಗಿಂತ ಬೇಗ ಕರಗುವ ಗುಣವುಳ್ಳದ್ದು. ಭಾರತದ ಫಲಕ ಉತ್ತರಕ್ಕೆ ಸರಿದು ಸಮಭಾಜಕದ ಮಳೆಯ ವಲಯವನ್ನು ಹಾಯುವಾಗ, ಅದೇ ಲಾವಾ ಇಂಗಾಲವನ್ನು ಹೀರುವ ಯಂತ್ರವಾಯಿತು ಎಂದು ಹಲವು ಅಧ್ಯಯನಗಳು ಹೇಳುತ್ತವೆ.

ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ನಡುವೆ ಇದ್ದ ಟೆಥಿಸ್ ಸಾಗರ ಮುಚ್ಚಿಹೋಗಿ ಹಿಮಾಲಯ ಮೇಲೆದ್ದಿತು. ಆಗ ಜಗತ್ತು ಬಹಳ ಬಿಸಿಯಾಗಿತ್ತು. ಧ್ರುವಗಳಲ್ಲಿ ಹಿಮದ ಹಾಸು ಇರಲಿಲ್ಲ. ಅಲ್ಲಿಂದ ತಾಪಮಾನ ಇಳಿಯುತ್ತಾ ಬಂದು ಸುಮಾರು 3.4 ಕೋಟಿ ವರ್ಷಗಳ ಹಿಂದೆ ಅಂಟಾರ್ಕ್ಟಿಕಾದಲ್ಲಿ ಹಿಮ ನೆಲೆಗೊಂಡಿತು. ಹಿಮಾಲಯದ ಹೊಸ ಶಿಲೆಗಳು ಮುಂಗಾರಿಗೆ ಸಿಕ್ಕಿ ಕರಗಿದ್ದೇ ಈ ತಂಪಿಗೆ ಕಾರಣ ಎಂದು ಮೊರೀನ್ ರೇಮೋ ಮತ್ತು ವಿಲಿಯಂ ರಡಿಮನ್ 1992ರಲ್ಲಿ ವಾದಿಸಿದರು. ಗಂಗಾ ಬ್ರಹ್ಮಪುತ್ರಾಗಳು ಬಂಗಾಳ ಕೊಲ್ಲಿಯಲ್ಲಿ ಹೂತಿಟ್ಟ ಸಾವಯವ ಇಂಗಾಲದ ಪಾತ್ರವೇ ಹಿರಿದು ಎನ್ನುವವರಿದ್ದಾರೆ. ಟೆಥಿಸ್ ಮುಚ್ಚಿದ್ದರಿಂದ ಅಲ್ಲಿನ ಜ್ವಾಲಾಮುಖಿಗಳು ನಂದಿದ್ದೇ ಮುಖ್ಯ ಎನ್ನುವವರೂ ಇದ್ದಾರೆ. ವಾದಗಳು ಭಿನ್ನವಾದರೂ, ಎಲ್ಲವೂ ಫಲಕಗಳ ಚಲನೆಯನ್ನೇ ಮೂಲ ಕಾರಣವಾಗಿ ಗುರುತಿಸುತ್ತವೆ ಎಂಬುದು ಗಮನಾರ್ಹ.

ವೇಗದ ಪ್ರಶ್ನೆ

ಭೂಮಿ ತನ್ನ ತಾಪವನ್ನು ತಾನೇ ಕಾಯ್ದುಕೊಳ್ಳುತ್ತದೆ ಎಂದಾದರೆ ಇಂದಿನ ತಾಪಮಾನ ಏರಿಕೆಗೆ ಅಂಜಬೇಕಾದ ಅಗತ್ಯವೇನು ಎಂಬ ಪ್ರಶ್ನೆ ಸಹಜ. ಉತ್ತರ ಕಾಲದ ಲೆಕ್ಕದಲ್ಲಿದೆ.

5.6 ಕೋಟಿ ವರ್ಷಗಳ ಹಿಂದೆ, ಗ್ರೀನ್‌ಲ್ಯಾಂಡ್ ಯುರೋಪಿನಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಅಗಾಧ ಪ್ರಮಾಣದ ಇಂಗಾಲ ವಾತಾವರಣಕ್ಕೆ ಸೇರಿ ಭೂಮಿಯ ಸರಾಸರಿ ತಾಪಮಾನ 5ರಿಂದ 6 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತು. ಆ ಹೆಚ್ಚುವರಿ ಇಂಗಾಲವನ್ನು ಶಿಲೆಗಳು ಮತ್ತು ಕಡಲು ಹೀರಿಕೊಂಡು ತಾಪಮಾನ ಮೊದಲಿನ ಮಟ್ಟಕ್ಕೆ ಮರಳಲು ಹಿಡಿದ ಅವಧಿ ಒಂದೂವರೆಯಿಂದ ಎರಡು ಲಕ್ಷ ವರ್ಷ. ಹತೋಟಿ ಕೆಲಸ ಮಾಡಿತು, ನಿಜ. ಆದರೆ ಮನುಷ್ಯ ಎಂಬ ಜೀವಿ ಭೂಮಿಯಲ್ಲಿ ಕಾಣಿಸಿಕೊಂಡು ಕಳೆದಿರುವುದೇ ಸುಮಾರು ಮೂರು ಲಕ್ಷ ವರ್ಷ ಎಂಬುದನ್ನು ನೆನೆದರೆ ಆ ಅವಧಿಯ ಉದ್ದ ತಿಳಿದೀತು.

ಜಗತ್ತಿನ ಎಲ್ಲ ಜ್ವಾಲಾಮುಖಿಗಳು ಸೇರಿ ವರ್ಷಕ್ಕೆ ಹೊರಹಾಕುವ ಇಂಗಾಲದ ಡೈಆಕ್ಸೈಡ್ ಸುಮಾರು 30 ಕೋಟಿ ಟನ್. ಕಲ್ಲಿದ್ದಲು, ತೈಲ, ಅನಿಲಗಳನ್ನು ಉರಿಸುವುದರಿಂದ ಮತ್ತು ಸಿಮೆಂಟ್ ತಯಾರಿಕೆಯಿಂದ ಮನುಷ್ಯ ಹೊರಹಾಕುವುದು ಸುಮಾರು 3,700 ಕೋಟಿ ಟನ್. ಅಂದರೆ ನೂರು ಪಟ್ಟಿಗೂ ಹೆಚ್ಚು. ಕೋಟ್ಯಂತರ ವರ್ಷಗಳಲ್ಲಿ ಹೂತ ಸಾವಯವ ಇಂಗಾಲ ಇಂಧನವಾಗಿ ಉರಿಯುತ್ತಿದೆ, ಹಳೆಯ ಕಡಲುಗಳ ಸುಣ್ಣ ಸಿಮೆಂಟ್ ಕುಲುಮೆಯಲ್ಲಿ ಬೇಯುತ್ತಿದೆ. ಇಟ್ಟಿಗೆಗಾಗಿ ಮ್ಯಾಗ್ನಸೈಟನ್ನು ಸುಟ್ಟಾಗಲೂ ಅದರಲ್ಲಿ ಬಂಧಿಯಾಗಿದ್ದ ಅನಿಲ ಹೊರಬೀಳುತ್ತದೆ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಪ್ರತಿ ಹತ್ತು ಲಕ್ಷ ಕಣಗಳಲ್ಲಿ 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ 2024ರಲ್ಲಿ 420ನ್ನು ದಾಟಿತ್ತು. ಫಲಕಗಳಿಗೆ ಕೋಟಿ ವರ್ಷ ಹಿಡಿಯುತ್ತಿದ್ದ ಕೆಲಸವನ್ನು ಮನುಷ್ಯನ ಕುಲುಮೆಗಳು ಕೆಲವೇ ತಲೆಮಾರುಗಳಲ್ಲಿ ಮಾಡುತ್ತಿವೆ.

ಮೈಸೂರಿನಂಥ ನಗರಕ್ಕೆ ಇದು ದೂರದ ಸಂಗತಿಯಲ್ಲ. ನಗರದ ಕುಡಿಯುವ ನೀರು ಕಾವೇರಿ ಮತ್ತು ಕಪಿಲೆಯದು. ಆ ನದಿಗಳ ನೀರು ಕೊಡಗು ಮತ್ತು ವಯನಾಡಿನ ಮುಂಗಾರಿನದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಹೆಚ್ಚು ಆವಿಯನ್ನು ಹಿಡಿದಿಡಬಲ್ಲದು. ಆದ್ದರಿಂದ ಸುರಿದರೆ ಒಮ್ಮೆಲೇ ಸುರಿಯುವ, ಕೈಕೊಟ್ಟರೆ ದೀರ್ಘಕಾಲ ಕೈಕೊಡುವ ಮಳೆಯ ಸಂಭವ ಹೆಚ್ಚುತ್ತದೆ. 2018ರಲ್ಲಿ ಕೊಡಗಿನ ಗುಡ್ಡಗಳು ಅತಿವೃಷ್ಟಿಗೆ ಕುಸಿದದ್ದು, 2023ರಲ್ಲಿ ಕಾವೇರಿ ಕಣಿವೆ ಬರಗಾಲಕ್ಕೆ ಸಿಕ್ಕಿದ್ದು, ಇಂಥ ಏರುಪೇರಿಗೆ ಈ ಸೀಮೆ ಎಷ್ಟು ಸುಲಭವಾಗಿ ತುತ್ತಾಗಬಲ್ಲದು ಎಂಬುದನ್ನು ತೋರಿಸಿವೆ.

ಕಲ್ಲಿನಿಂದಲೇ ಪರಿಹಾರ?

ಶಿಲೆಗಳ ಈ ಗುಣವನ್ನು ಚುರುಕುಗೊಳಿಸುವ ಯತ್ನಗಳೂ ಆರಂಭವಾಗಿವೆ. ಐಸ್‌ಲ್ಯಾಂಡಿನಲ್ಲಿ ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಪದರಗಳಿಗೆ ಇಳಿಸಿದಾಗ, ಅದರ ಶೇ. 95ರಷ್ಟು ಭಾಗ ಎರಡು ವರ್ಷದೊಳಗೆ ಕಲ್ಲಾದುದನ್ನು 2016ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಕಡಕೊಳದ ಶಿಲೆಯಲ್ಲಿ ನಿಸರ್ಗ ತಾನಾಗಿ ನಡೆಸಿದ ಕ್ರಿಯೆಯ ಹತ್ತಿರದ ಬಂಧು ಅದು. ಬಸಾಲ್ಟನ್ನು ನುಣ್ಣಗೆ ಪುಡಿಮಾಡಿ ಹೊಲಗಳಿಗೆ ಹರಡುವ ವಿಧಾನವೂ ಬಳಕೆಗೆ ಬಂದಿದೆ. ಭಾರತದ ಸಣ್ಣ ಹಿಡುವಳಿದಾರರ ಜಮೀನುಗಳಲ್ಲಿ ಈ ಕೆಲಸ ಮಾಡುತ್ತಿರುವ ಮಾಟಿ ಕಾರ್ಬನ್ ಸಂಸ್ಥೆಗೆ 2025ರಲ್ಲಿ ಎಕ್ಸ್‌ಪ್ರೈಜ್ ಸ್ಪರ್ಧೆಯ 5 ಕೋಟಿ ಡಾಲರಿನ ಬಹುಮಾನ ಸಂದಿತು.

ಆದರೆ ಇಲ್ಲಿಯೂ ಲೆಕ್ಕ ಮರೆಯುವಂತಿಲ್ಲ. ಒಂದು ಟನ್ ಬಸಾಲ್ಟ್ ಪೂರ್ತಿ ಕರಗಿದರೂ ಹಿಡಿಯಬಲ್ಲ ಅನಿಲ ಹೆಚ್ಚೆಂದರೆ ಒಂದು ಟನ್ನಿನ ಮೂರನೇ ಒಂದು ಭಾಗ. ಈಗಿನ ವಾರ್ಷಿಕ ಹೊರಸೂಸುವಿಕೆಯನ್ನೆಲ್ಲ ಹೀಗೆ ಕಟ್ಟಿಹಾಕಬೇಕೆಂದರೆ ಪ್ರತಿ ವರ್ಷವೂ 10,000 ಕೋಟಿ ಟನ್ನಿಗೂ ಹೆಚ್ಚು ಕಲ್ಲನ್ನು ಅಗೆದು, ಪುಡಿಮಾಡಿ, ಸಾಗಿಸಬೇಕು. ಅದಕ್ಕೆ ಬೇಕಾದ ಇಂಧನದ ಮಾತು ಬೇರೆ. ಅಳಿದುಳಿದ ಇಂಗಾಲವನ್ನು ತೆಗೆಯಲು ಈ ವಿಧಾನ ನೆರವಾದೀತೇ ಹೊರತು, ಉರಿಸುವುದನ್ನು ತಗ್ಗಿಸುವ ಕೆಲಸಕ್ಕೆ ಬದಲಿಯಾಗಲಾರದು.

ನಗರದ ಮೇಲೆ ಸುರಿಯುವ ಪ್ರತಿ ಮುಂಗಾರಿನಲ್ಲಿಯೂ ಚಾಮುಂಡಿ ಬೆಟ್ಟದ ಬಂಡೆಗಳು ಕಣ್ಣಿಗೆ ಕಾಣದಷ್ಟು ಅಲ್ಪವಾಗಿ ಕರಗುತ್ತಿವೆ, ಗಾಳಿಯಿಂದ ಒಂದಿಷ್ಟು ಇಂಗಾಲ ಕಪಿಲೆ ಕಾವೇರಿಗಳ ಹಾದಿ ಹಿಡಿಯುತ್ತಿದೆ. ಇಂದು ಹೊರಬಿಟ್ಟ ಹೊಗೆಯ ಲೆಕ್ಕವನ್ನು ಆ ಬಂಡೆಗಳು ಒಂದು ದಿನ ಖಂಡಿತ ಚುಕ್ತಾ ಮಾಡುತ್ತವೆ. ಆ ದಿನ ಬರಲು ಲಕ್ಷ ವರ್ಷಗಳು ಬೇಕು. ಅಲ್ಲಿಯವರೆಗಿನ ಬಿಸಿಲು, ಮಳೆ, ಬರಗಳನ್ನು ಅನುಭವಿಸಬೇಕಾದವರು ಬೆಟ್ಟದ ಬುಡದಲ್ಲಿ ಬದುಕುವ ಜನ.